ಮನೆತುಂಬ ಜನಕ್ಕೆ ಒಂದು ಚೌಕಾಬಾರ

ಹತ್ತಾರು ಜನರಿರುವ ಮನೆಗೆ ಒಂದೇ ಒಂದು ಆಟಿಕೆ ಕೊಡಬೇಕೆಂದರೆ ನಾನು ಆರಿಸುವುದು ಚೌಕಾಬಾರ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಐದೈದರಂತೆ 25 ಮನೆ ಬರೆದರಾಯಿತು. ನಾಲ್ಕು ಕವಡೆ ಸಾಕು. ಇಲ್ಲವಾದರೆ ಒಂದು ಬದಿ ಬೆಳ್ಳಗಾಗುವಂತೆ ತೇಯ್ದ ಹುಣಸೆಬೀಜ. ಕಾಯಿಗಳಾಗಿ ಅಜ್ಜಿಯ ಬಳೆಚೂರು, ಅವರೆಕಾಳು, ಅಂಗಳದ ಕಲ್ಲು.

ನಾಲ್ಕೂ ಕವಡೆ ಅಂಗಾತ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಬೋರಲಾದರೆ ಬಾರ, ಎಂಟು. ಎರಡಕ್ಕೂ ಮತ್ತೊಮ್ಮೆ ಆಡುವ ಅವಕಾಶ. ಬೇರೆಯವರ ಒಂದು ಕಾಯಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬುದು ಬಹಳ ಮನೆಗಳ ಕಟ್ಟಳೆ. ಹಾಗಾಗಿ ಮೊಮ್ಮಗಳು ತಾತನ ಕಾಯಿ ಕಡಿಯಬೇಕಾಗುತ್ತದೆ. ತಾತನೂ ಮುಲಾಜು ನೋಡುವುದಿಲ್ಲ. ವಯಸ್ಸು, ಸಂಪಾದನೆ ಯಾವುದೂ ಲೆಕ್ಕಕ್ಕೆ ಬಾರದ ಆ ಒಂದು ಗಂಟೆ ನನಗೆ ಬಲು ಪ್ರಿಯ. ಆಡುವವರು ನಾಲ್ವರೇ. ಆದರೆ ಪ್ರತಿಯೊಬ್ಬರ ಬೆನ್ನ ಹಿಂದೆ ನಡೆ ಹೇಳಿಕೊಡುವವರು ಇಬ್ಬರು, ಮೂವರು. ಅಡುಗೆಮನೆಯಿಂದಲೂ ಒಂದು ಸಲಹೆ ಬರುತ್ತದೆ!

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳಿಗೆ ಮನಸೋತಿದ್ದವರು, ಹೊಸ ಆಟಗಳನ್ನೂ ಹೆಣೆದವರು. ಅರಮನೆಯಲ್ಲೂ ಜಗಲಿಯಲ್ಲೂ ಸಲ್ಲುವ ಇಂಥ ಸುಖಗಳು ಅಪರೂಪ.

ಕವಡೆ ಬೇಕಿದ್ದರೆ ಗ್ರಂದಿಗೆ ಅಂಗಡಿಯಲ್ಲಿ ಕೇಳಿ. ಇವತ್ತು ಸಂಜೆಯೇ ಹಾಸು ಬರೆಯಿರಿ, ಮೊದಲ ಸರದಿ ಮನೆಯ ಅತಿ ಕಿರಿಯರಿಗೆ ಕೊಡಿ.