ಹಿತ್ತಲ ಬಾಗಿಲಿನಿಂದ ಕಿಡ್ನಿಗೆ

ನಮ್ಮ ಕಾರ್ಯಕ್ರಮಗಳಲ್ಲಿ ನಾನು ಹಾಡಿನ ಗುಂಪಿನ ಹಿಂದಿನ ಸಾಲಿನಲ್ಲಿ ನಿಲ್ಲುವವಳು. ಈ ಸಲ ಮಾತಾಡಿ ಎಂದಾಗ, "ನಾನೇನು ಡಾಕ್ಟರಾ?" ಅಂದೆ. "ಅದಕ್ಕೇ ಮಾತಾಡಿ, ನಮಗೆ ಅರ್ಥವಾಗುತ್ತೆ" ಅಂದರು ಕಾರ್ಯದರ್ಶಿಗಳು.

ಹೋದ ವರ್ಷ ಪಿತ್ತಕೋಶದಲ್ಲಿ ಕಲ್ಲಿದೆಯೇನೋ ಎಂದು ಸ್ಕ್ಯಾನಿಂಗ್ ಮಾಡಿಸಿದೆ. ಕಲ್ಲಿರಲಿಲ್ಲ, ಬಲ ಕಿಡ್ನಿಯಲ್ಲಿ ಮೂರು ಸೆಂಟಿಮೀಟರಿನ ಗಡ್ಡೆಯಿತ್ತು. ನೋವಿಲ್ಲ, ಮೂತ್ರದಲ್ಲಿ ರಕ್ತವಿಲ್ಲ. ಕಿಡ್ನಿಯ ಸಣ್ಣ ಗಡ್ಡೆಗಳು ಈಗ ಹೆಚ್ಚಾಗಿ ಸಿಕ್ಕುವುದು ಹೀಗೆಯೇ, ಬೇರೇನನ್ನೋ ಹುಡುಕುವಾಗ. ಸಿ.ಟಿ. ಸ್ಕ್ಯಾನ್ ಆದ ಮೇಲೆ ಕ್ಯಾನ್ಸರ್ ಸಂಶಯ ಬಲವಾಯಿತು.

ಮೊದಲು ನೋಡಿದ ಡಾಕ್ಟರು ಇಡೀ ಕಿಡ್ನಿ ತೆಗೆದುಬಿಡೋಣ, ಒಂದೇ ಕಿಡ್ನಿಯಲ್ಲಿ ಬದುಕಬಹುದು ಎಂದರು. ನಮ್ಮ ಮನೆಯವರೂ "ಬೇರು ಸಮೇತ ಹೋಗಲಿ" ಎಂದರು. ನನ್ನ ಮನಸ್ಸು ಒಪ್ಪಲಿಲ್ಲ. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕಳೆದುಕೊಂಡ ನಮ್ಮಮ್ಮನನ್ನು ಕಲಬುರಗಿಯಲ್ಲಿ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಕೈಹಿಡಿದು ಕರೆದೊಯ್ದವಳು ನಾನು. ನನಗೂ ಸಕ್ಕರೆಯಿದೆ, ಬಿ.ಪಿ. ಇದೆ. ಇವತ್ತು ಒಂದು ಹೋಗಿ, ನಾಳೆ ಇನ್ನೊಂದು ಕೈಕೊಟ್ಟರೆ?

ಹೈದರಾಬಾದಿನಲ್ಲೇ ಇನ್ನೊಬ್ಬ ತಜ್ಞರ ಹತ್ತಿರ ಹೋದೆವು. ಗಡ್ಡೆ 4 ಸೆಂಟಿಮೀಟರಿನೊಳಗಿದ್ದರೆ, ಸಾಧ್ಯವಾದ ಕಡೆಯಲ್ಲೆಲ್ಲ ಗಡ್ಡೆಯನ್ನಷ್ಟೇ ತೆಗೆದು ಕಿಡ್ನಿ ಉಳಿಸುವುದೇ ಮೊದಲ ಆಯ್ಕೆ ಎಂದರು. ಆದರೆ ಕೆಲಸ ನಾಜೂಕಿನದು. ಕಿಡ್ನಿಯ ರಕ್ತನಾಳಕ್ಕೆ ಕ್ಲಿಪ್ ಹಾಕಿ ರಕ್ತ ನಿಲ್ಲಿಸಬೇಕು, ಗಡ್ಡೆ ಕತ್ತರಿಸಿ, ಗಾಯ ಹೊಲಿದು, ಕ್ಲಿಪ್ ಬಿಡಬೇಕು. ಇದೆಲ್ಲ ಸುಮಾರು 25–30 ನಿಮಿಷದೊಳಗೆ ಮುಗಿಯಬೇಕು. ತಡವಾದಷ್ಟೂ ಉಳಿಸಬೇಕೆಂದಿದ್ದ ಕಿಡ್ನಿಗೇ ಪೆಟ್ಟು.

ಆಮೇಲೆ ಅವರು ಕೇಳಿದ ಪ್ರಶ್ನೆ ನನಗೆ ವಿಚಿತ್ರವೆನಿಸಿತು. "ಹೆರಿಗೆ ಹೇಗಾಯಿತಮ್ಮಾ?" ಎರಡೂ ಸಿಸೇರಿಯನ್, ಆಮೇಲೆ ಗರ್ಭಕೋಶವನ್ನೂ ತೆಗೆಸಿದ್ದೆ ಎಂದೆ. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು.

ಕಿಡ್ನಿ ಇರುವುದು ಹೊಟ್ಟೆಯ ಪೊರೆಯ ಹಿಂದೆ, ಬೆನ್ನಿನ ಕಡೆ. ಅಲ್ಲಿಗೆ ಎರಡು ದಾರಿ. ಒಂದು ಮುಂಬಾಗಿಲು, ಅಂದರೆ ಟ್ರಾನ್ಸ್‌ಪೆರಿಟೋನಿಯಲ್: ಹೊಟ್ಟೆಗೆ ಗ್ಯಾಸ್ ತುಂಬಿ, ಕರುಳು ಸರಿಸಿ ಹಿಂದಕ್ಕೆ ಹೋಗುವುದು. ಕೈಯಾಡಿಸಲು ಜಾಗ ಹೆಚ್ಚು, ಗುರುತುಗಳು ಸ್ಪಷ್ಟ. ದೊಡ್ಡ ಗಡ್ಡೆಗೆ, ಕಿಡ್ನಿಯ ಮುಂಭಾಗದ ಗಡ್ಡೆಗೆ ಅನುಕೂಲ. ಆದರೆ ಹಳೆಯ ಆಪರೇಷನ್‌ಗಳಿಂದ ಕರುಳು ಅಂಟಿಕೊಂಡಿದ್ದರೆ ಬಿಡಿಸುತ್ತ ಹೋಗಬೇಕು. ಇನ್ನೊಂದು ಹಿತ್ತಲ ಬಾಗಿಲು, ರೆಟ್ರೋಪೆರಿಟೋನಿಯಲ್: ಪಕ್ಕೆಯಿಂದ ನೇರ ಕಿಡ್ನಿಯ ಹಿಂಬದಿಗೆ. ಕರುಳನ್ನು ಮುಟ್ಟುವಂತಿಲ್ಲ, ರಕ್ತನಾಳ ಬೇಗ ಸಿಗುತ್ತದೆ. ಜಾಗ ಮಾತ್ರ ಇಕ್ಕಟ್ಟು. ಅಭ್ಯಾಸವಿಲ್ಲದವರಿಗೆ ದಿಕ್ಕು ತಪ್ಪುತ್ತದೆ. ನನ್ನ ಗಡ್ಡೆ ಹಿಂಭಾಗದಲ್ಲಿತ್ತು, ಹೊಟ್ಟೆ ಮೂರು ಸಲ ಕೊಯ್ಯಿಸಿಕೊಂಡಿತ್ತು. ಹಾಗಾಗಿ ಹಿತ್ತಲ ಬಾಗಿಲೇ ಸರಿ ಎಂದರು.

ಈ ದಾರಿಯಲ್ಲಿ ನಮ್ಮ ದೇಶದ ಪಾಲೂ ಇದೆ. 1990ರಲ್ಲಿ ಅಮೆರಿಕದ ಸೇಂಟ್ ಲೂಯಿಯಲ್ಲಿ ಡಾ. ರಾಲ್ಫ್ ಕ್ಲೇಮನ್ ಮೊದಲ ಬಾರಿಗೆ ಲ್ಯಾಪರೋಸ್ಕೋಪಿಯಿಂದ ಕಿಡ್ನಿ ತೆಗೆದಾಗ ಮುಂಬಾಗಿಲಿನಿಂದಲೇ ಹೋಗಿದ್ದರು. ಹಿಂದೆ ಜಾಗ ಮಾಡುವುದೇ ಕಷ್ಟವಾಗಿತ್ತು. ಮುಂಬಯಿಯ ಡಾ. ಗೌರ್ ಸರ್ಜನರ ರಬ್ಬರ್ ಗ್ಲೌಸನ್ನು ರಬ್ಬರ್ ನಳಿಗೆಗೆ ಕಟ್ಟಿ, ಒಳಗೆ ಬಲೂನಿನಂತೆ ಊದಿಸಿ ಜಾಗ ಮಾಡುವ ಉಪಾಯವನ್ನು 1992ರಲ್ಲಿ ಪ್ರಕಟಿಸಿದರು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತೇವಲ್ಲ, ಇಲ್ಲಿ ಅದೇ ಮದ್ದಾಯಿತು.

ಇನ್ನು ರೋಬೋ. ಅದು ತಾನಾಗಿ ಏನನ್ನೂ ಕೊಯ್ಯುವುದಿಲ್ಲ. ಡಾಕ್ಟರು ಪಕ್ಕದಲ್ಲೇ ಕುಳಿತು ನಡೆಸುತ್ತಾರೆ. ಅದರ ತುದಿ ನಮ್ಮ ಮಣಿಕಟ್ಟಿನಂತೆ ತಿರುಗುವುದರಿಂದ ಇಕ್ಕಟ್ಟಿನಲ್ಲಿ ಬೇಗ ಹೊಲಿಯಬಹುದು. ಖರ್ಚು ಹೆಚ್ಚು. ವಿಮೆಯಲ್ಲಿ ರೋಬೋಗೆ ಎಷ್ಟು ಮಿತಿಯಿದೆಯೆಂದು ಮೊದಲೇ ಕೇಳಿ. ನಾವು ಕೇಳದೆ, ಕೊನೆಗೆ ನನ್ನ ಎರಡು ಬಳೆ ಅಡವಿಟ್ಟೆವು.

ಆಪರೇಷನ್ನಿನ ಹಿಂದಿನ ರಾತ್ರಿ ಒಪ್ಪಿಗೆ ಪತ್ರ ಬಂತು. ರಕ್ತಸ್ರಾವ ನಿಲ್ಲದಿದ್ದರೆ ಇಡೀ ಕಿಡ್ನಿ ತೆಗೆಯಬೇಕಾಗಬಹುದು ಎಂದಿತ್ತು. ಅದನ್ನೋದಿ ಕೈ ನಡುಗಿತು. ಅಮ್ಮನ ತೋಳಿನ ಸೂಜಿ ಗುರುತುಗಳು ಕಣ್ಣ ಮುಂದೆ ಬಂದವು. ಆದರೂ ಸಹಿ ಹಾಕಿದೆ.

ಎಚ್ಚರವಾದಾಗ ಗಂಟಲು ಒಣಗಿತ್ತು. ನರ್ಸಮ್ಮನನ್ನು ಕೇಳಿದ್ದು ಒಂದೇ, "ಕಿಡ್ನಿ ಇದೆಯಾ?" ಆಕೆ ನಕ್ಕು ತೆಲುಗಿನಲ್ಲಿ "ಉಂದಮ್ಮಾ, ಉಂದಿ" ಅಂದಳು. ಅಷ್ಟು ಸಿಹಿಯಾದ ತೆಲುಗನ್ನು ನಾನು ಈ ಊರಲ್ಲಿ ಎಂದೂ ಕೇಳಿಲ್ಲ!

ಗಡ್ಡೆ ಕ್ಯಾನ್ಸರೇ ಆಗಿತ್ತು; ಅಂಚುಗಳಲ್ಲಿ ಏನೂ ಉಳಿದಿರಲಿಲ್ಲ. ಕ್ರಿಯಾಟಿನಿನ್ ಹೆಚ್ಚುಕಡಿಮೆ ಮೊದಲಿನಷ್ಟೇ ಇದೆ. ಪಕ್ಕೆಯಲ್ಲಿ ಅಂಗೈಯಗಲ ಜಾಗ ಇನ್ನೂ ಜೋಮು. ಆರು ತಿಂಗಳಿಗೊಮ್ಮೆ ಸ್ಕ್ಯಾನ್, ಪ್ರತಿ ಸಲವೂ ಭಯ.

ನನ್ನ ದಾರಿಯೇ ಎಲ್ಲರ ದಾರಿಯಲ್ಲ. ಗಡ್ಡೆ ಮುಂದಿದ್ದರೆ ಮುಂಬಾಗಿಲೇ ಒಳ್ಳೆಯದಿರಬಹುದು. ಕ್ಯಾನ್ಸರ್ ಗುಣವಾಗುವ ಮಟ್ಟಿಗೆ ಎರಡು ದಾರಿಗಳಲ್ಲೂ ದೊಡ್ಡ ವ್ಯತ್ಯಾಸ ಕಂಡಿಲ್ಲ ಎಂದು ನಮ್ಮ ಡಾಕ್ಟರೇ ಹೇಳಿದರು. ಅವರವರ ಕೈ ಪಳಗಿದ ದಾರಿಯೇ ಮುಖ್ಯ. ಆದ್ದರಿಂದ ಮೂರು ಮಾತು ಕೇಳಲು ನಾಚಬೇಡಿ: ಕಿಡ್ನಿ ಉಳಿಸಬಹುದೇ? ಯಾವ ದಾರಿ, ಯಾಕೆ? ಆ ದಾರಿಯಲ್ಲಿ ನೀವು ಎಷ್ಟು ಮಾಡಿದ್ದೀರಿ? ನಿಮ್ಮ ಹಳೆಯ ಹೊಲಿಗೆಗಳ ವಿಷಯವನ್ನು ಅವರು ಕೇಳದಿದ್ದರೂ ನೀವೇ ಹೇಳಿ.

ಮುಂದಿನ ಸಲ ಮತ್ತೆ ಹಾಡಿನ ಗುಂಪಿನ ಹಿಂದಿನ ಸಾಲಿನಲ್ಲಿ ಸಿಗುತ್ತೇನೆ.