ಕೈಗೆ ಬಂದ ಕಾಸು ಎಲ್ಲಿ ಹೋಗುತ್ತದೆ?

ಬಡವರ ಕೈಗೆ ನೇರವಾಗಿ ಹಣ ಕೊಟ್ಟರೆ ಅದು ಹೆಂಡದಂಗಡಿ ಸೇರುತ್ತದೆ ಎಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ಅಕ್ಕಿ ಕೊಡಿ, ಸೀರೆ ಕೊಡಿ, ಹೊಲಿಗೆ ಯಂತ್ರ ಕೊಡಿ, ದುಡ್ಡು ಮಾತ್ರ ಬೇಡ ಎನ್ನುವವರು ಎಲ್ಲ ಪಕ್ಷಗಳಲ್ಲೂ ಇದ್ದಾರೆ. ಹಾಗೆನ್ನುವವರು ತಮ್ಮ ಸಂಬಳವನ್ನು ಅಕ್ಕಿಯ ರೂಪದಲ್ಲಿ ಕೇಳಿದ್ದು ಮಾತ್ರ ಇದುವರೆಗೆ ಎಲ್ಲೂ ವರದಿಯಾಗಿಲ್ಲ.

ಈ ಅನುಮಾನವನ್ನು ಪರೀಕ್ಷೆಗೆ ಒಡ್ಡಿದ ಪ್ರಯೋಗವೊಂದು ನಮ್ಮ ದೇಶದಲ್ಲೇ ನಡೆದಿದೆ. ಇಳಾ ಭಟ್ 1972ರಲ್ಲಿ ಅಹಮದಾಬಾದಿನಲ್ಲಿ ಕಟ್ಟಿದ ಮಹಿಳಾ ಕಾರ್ಮಿಕರ ಸಂಘ ‘ಸೇವಾ’ದ ಹೆಸರನ್ನು ತಾವೆಲ್ಲ ಕೇಳಿರುತ್ತೀರಿ. ಈ ಸಂಸ್ಥೆ ಯುನಿಸೆಫ್ ನೆರವಿನೊಂದಿಗೆ 2011ರಲ್ಲಿ ಮಧ್ಯಪ್ರದೇಶದ ಇಂದೋರ್ ಸೀಮೆಯ 8 ಹಳ್ಳಿಗಳನ್ನು ಆರಿಸಿಕೊಂಡಿತು. ಅಲ್ಲಿನ ಪ್ರತಿಯೊಬ್ಬ ವಯಸ್ಕರಿಗೆ ತಿಂಗಳಿಗೆ 200 ರೂಪಾಯಿ, ಮಗುವಿಗೆ 100 ರೂಪಾಯಿ. ಮಗುವಿನ ಪಾಲು ತಾಯಿಯ ಕೈಗೆ. ಒಂದು ವರ್ಷದ ನಂತರ ಈ ಮೊತ್ತ 300 ಮತ್ತು 150ಕ್ಕೆ ಏರಿತು. ಹಣ ಕೊಡದ ಬೇರೆ 12 ಹಳ್ಳಿಗಳನ್ನು ಹೋಲಿಕೆಗೆಂದು ಇಟ್ಟುಕೊಳ್ಳಲಾಯಿತು. ಜೊತೆಗೆ ಒಂದು ಆದಿವಾಸಿ ಗ್ರಾಮಕ್ಕೆ ಹಣ, ಅಂಥದೇ ಇನ್ನೊಂದು ಗ್ರಾಮ ಹೋಲಿಕೆಗೆ. ಯಾವ ಷರತ್ತೂ ಇರಲಿಲ್ಲ. ಬಡವ, ಶ್ರೀಮಂತ, ಜಾತಿ ಎಂಬ ಭೇದವೂ ಇರಲಿಲ್ಲ. ಹಳ್ಳಿಯವರೆಂದರೆ ಸಾಕು, ಹಣ ಬರುತ್ತಿತ್ತು.

ಲೆಕ್ಕ ಹಾಕಿ ನೋಡಿ. ಗಂಡ, ಹೆಂಡತಿ, ಮೂರು ಮಕ್ಕಳ ಮನೆಗೆ ಆರಂಭದಲ್ಲಿ ತಿಂಗಳಿಗೆ 700 ರೂಪಾಯಿ. ಸಂಸಾರ ನಡೆಸಲು ಅದು ಯಾವ ಮೂಲೆಗೂ ಸಾಲದು. ಕೆಲಸ ಬಿಟ್ಟು ಕುಳಿತುಣ್ಣುವ ಮಾತಂತೂ ದೂರವೇ ಉಳಿಯಿತು. ಆದರೂ ಈ ಸಣ್ಣ ಮೊತ್ತ ಮಾಡಿದ ಕೆಲಸ ದೊಡ್ಡದು. ಅದು ಅರ್ಥವಾಗಬೇಕಾದರೆ ಹಳ್ಳಿಯ ಸಾಲದ ಸ್ವರೂಪ ಗೊತ್ತಿರಬೇಕು.

ಬಡ ಕುಟುಂಬಕ್ಕೆ ಆದಾಯ ಕಡಿಮೆ ಎನ್ನುವುದು ಎಲ್ಲರಿಗೂ ತಿಳಿದ ಸಂಗತಿ. ಆ ಆದಾಯ ಯಾವಾಗ ಬರುತ್ತದೆ ಎಂದು ಗೊತ್ತಿಲ್ಲದಿರುವುದು ಅದಕ್ಕಿಂತ ದೊಡ್ಡ ಸಂಕಟ. ಬಿತ್ತನೆಗೆ ಮುಂಚೆ ಕೂಲಿ ಇರುವುದಿಲ್ಲ. ಅದೇ ಹೊತ್ತಿಗೆ ಮಗುವಿಗೆ ಜ್ವರ ಬರುತ್ತದೆ. ಆಗ ಜಮೀನ್ದಾರನ ಮನೆಯಿಂದ ಮುಂಗಡ ತರಬೇಕು. ಅದನ್ನು ತೀರಿಸುವುದು ಹಣದಿಂದಲ್ಲ, ಮೈಮುರಿದು. ಸುಗ್ಗಿಯಲ್ಲಿ ಬೇರೆ ಕಡೆ ಹೆಚ್ಚು ಕೂಲಿ ಸಿಗುವಾಗ ಇವನು ಸಾಲ ಕೊಟ್ಟವನ ಹೊಲದಲ್ಲಿ ಕಡಿಮೆ ಕೂಲಿಗೆ ದುಡಿಯಬೇಕು. ತನ್ನದೇ ಒಂದೆರಡು ಎಕರೆ ಇದ್ದರೆ ಅದು ಬೀಳು ಬೀಳುತ್ತದೆ. 1976ರ ಕಾಯ್ದೆ ಜೀತವನ್ನು ರದ್ದುಮಾಡಿತು, ನಿಜ. ಮುಂಗಡದ ಹಗ್ಗ ಮಾತ್ರ ಹಾಗೆಯೇ ಉಳಿಯಿತು.

ಪ್ರಯೋಗದ ಹಳ್ಳಿಗಳಲ್ಲಿ ಸಡಿಲಗೊಂಡದ್ದು ಈ ಹಗ್ಗವೇ. ತಿಂಗಳಿಗೊಮ್ಮೆ ತಪ್ಪದೆ ಹಣ ಬರತೊಡಗಿದಾಗ ಜನ ಬಡ್ಡಿ ಸಾಲ ಕಡಿಮೆ ಮಾಡಿದರು. ಬೀಜ, ಗೊಬ್ಬರ ಕೊಂಡರು. ಆದಿವಾಸಿ ಗ್ರಾಮದಲ್ಲಿ ಹಲವರು ಕೂಲಿ ಬಿಟ್ಟು ತಮ್ಮ ಹೊಲಕ್ಕೆ ಮರಳಿದರು. ಹನಿಗೂಡಿಸಿ ಆಡು, ಹಸು ಕೊಂಡವರಿದ್ದಾರೆ. ಹಣ ಪಡೆದ ಹಳ್ಳಿಗಳಲ್ಲಿ ದುಡಿಮೆ ಕುಗ್ಗುವ ಬದಲು ಹೆಚ್ಚಿತು. ಊಟದ ತಟ್ಟೆಯಲ್ಲಿ ಬೇಳೆ, ತರಕಾರಿ ಕಾಣಿಸಿಕೊಂಡವು. ವಯಸ್ಸಿಗೆ ತಕ್ಕ ತೂಕವಿರುವ ಮಕ್ಕಳ ಪ್ರಮಾಣ ಏರಿತು. ಈ ಏರಿಕೆ ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಲ್ಲಿ ಹೆಚ್ಚಾಗಿತ್ತೆಂಬುದನ್ನು ವಿಶೇಷವಾಗಿ ಗಮನಿಸಬೇಕು. ಕೊನೆಗೆ ಉಳಿದದ್ದನ್ನು ಉಣ್ಣುವವರು ಯಾರೆಂದು ನಮ್ಮ ಮನೆಗಳಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಹೆಂಡದ ಮಾತೇನಾಯಿತು? ಹಣ ಬಂದದ್ದರಿಂದ ಕುಡಿತ ಹೆಚ್ಚಿತೆಂಬುದಕ್ಕೆ ಅಲ್ಲಿ ಆಧಾರ ಸಿಗಲಿಲ್ಲ. ವಿಶ್ವ ಬ್ಯಾಂಕ್ 2014ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಬೇರೆಬೇರೆ ದೇಶಗಳಲ್ಲಿ ನಡೆದ 19 ಅಧ್ಯಯನಗಳನ್ನು ಜಾಲಾಡಿ ಇದೇ ತೀರ್ಮಾನಕ್ಕೆ ಬಂತು. ಮೆಕ್ಸಿಕೊ 1997ರಲ್ಲಿ ಬಡ ಹಳ್ಳಿಗಳ ತಾಯಂದಿರಿಗೆ ‘ಪ್ರೊಗ್ರೆಸಾ’ ಎಂಬ ಹೆಸರಿನಲ್ಲಿ ಹಣ ಕೊಡತೊಡಗಿತು. ಮಕ್ಕಳು ಶಾಲೆಗೆ ಹೋಗಬೇಕು, ಮನೆಯವರು ಆರೋಗ್ಯ ಕೇಂದ್ರಕ್ಕೆ ಬರಬೇಕು ಎಂಬುದು ಅಲ್ಲಿನ ಷರತ್ತು. ಪ್ರೌಢಶಾಲೆಯ ಹುಡುಗಿಯರಿಗೆ ಹುಡುಗರಿಗಿಂತ ಹೆಚ್ಚು ಮೊತ್ತ. ಹುಡುಗಿಯರು ಶಾಲೆಯಲ್ಲಿ ಉಳಿದರು. ಕುಟುಂಬಗಳು ಹಣವನ್ನೆಲ್ಲ ತಿಂದು ಮುಗಿಸದೆ ಒಂದು ಪಾಲನ್ನು ದನಕರು, ಬೇಸಾಯಕ್ಕೆ ತೊಡಗಿಸಿದ್ದೂ ಕಂಡುಬಂತು.

ಇಷ್ಟು ಹೇಳಿದ ಮೇಲೆ, ಹಾಗಾದರೆ ಪಡಿತರ ಮುಚ್ಚಿ ದುಡ್ಡು ಕೊಟ್ಟುಬಿಡೋಣ ಎನ್ನುವವರು ಎದ್ದು ನಿಲ್ಲುತ್ತಾರೆ. ಮಧ್ಯಪ್ರದೇಶದ ಆ ಹಳ್ಳಿಗಳಲ್ಲಿ ಪಡಿತರವನ್ನು ಕಿತ್ತುಕೊಂಡಿರಲಿಲ್ಲ. ಹಣ ಅದರ ಮೇಲೆ ಸೇರಿತ್ತು. ಎರಡರ ನಡುವಿನ ವ್ಯತ್ಯಾಸ ಸಣ್ಣದೇನಲ್ಲ. ಕರ್ನಾಟಕದಲ್ಲೇ 2023ರ ಜುಲೈನಲ್ಲಿ ಹೆಚ್ಚುವರಿ 5 ಕಿಲೋ ಅಕ್ಕಿ ಹೊಂದಿಸಲಾಗದೆ, ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿಯನ್ನು ಖಾತೆಗೆ ಹಾಕಲಾಯಿತು. ಅಂಗಡಿಯಲ್ಲಿ ಆ ದರಕ್ಕೆ ಉಣ್ಣುವಂಥ ಅಕ್ಕಿ ಸಿಗುವುದು ಕಷ್ಟವಿತ್ತು. ಅಕ್ಕಿಯ ಬೆಲೆ ಏರಿದರೆ 170 ರೂಪಾಯಿ ತಾನಾಗಿ ಏರುವುದಿಲ್ಲ. 5 ಕಿಲೋ ಮಾತ್ರ 5 ಕಿಲೋ ಆಗಿಯೇ ಇರುತ್ತದೆ. 2025ರ ಫೆಬ್ರುವರಿಯಿಂದ ಸರ್ಕಾರ ಮತ್ತೆ ಅಕ್ಕಿಗೇ ಮರಳಿತು.

ಹಣ ಯಾರಿಗೆ ಎಂಬುದು ಇನ್ನೊಂದು ತೊಡಕು. 2019ರ ಪಿಎಂ ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 6000 ರೂಪಾಯಿ ಬರುವುದು ಹೆಸರಿನಲ್ಲಿ ಜಮೀನಿರುವವರಿಗೆ. ಹಳ್ಳಿಯಲ್ಲಿ ಎಲ್ಲರಿಗಿಂತ ಬಡವನಾದ, ಪಹಣಿಯೇ ಇಲ್ಲದ ಕೂಲಿಯವನಿಗೆ ಅದು ಸಿಗದು.

ಇಲ್ಲಿರುವ ಹಿರಿಯರಲ್ಲಿ ಹಲವರಿಗೆ ಮನಿಯಾರ್ಡರ್ ಕಾಲದ ನೆನಪಿರಬಹುದು. 1995ರ ರಾಷ್ಟ್ರೀಯ ವೃದ್ಧಾಪ್ಯ ವೇತನದಲ್ಲಿ ಕೇಂದ್ರ ಕೊಡುತ್ತಿದ್ದದ್ದು ತಿಂಗಳಿಗೆ 75 ರೂಪಾಯಿ. ಅಂಚೆಯಣ್ಣ ಬಂದು ಎಣಿಸಿಕೊಟ್ಟರೆ, ‘ಚಹಾಕ್ಕೆ’ ಎಂದು ಒಂದಿಷ್ಟು ಅವನ ಕೈಗೆ ಹೋಗುವುದೂ ಇತ್ತು. ಬ್ಯಾಂಕ್ ಖಾತೆ ಬಂದು ಆ ಚಹಾ ನಿಂತಿತು. ಬದಲಿಗೆ, ದೂರದ ಬ್ಯಾಂಕಿಗೆ ಬಸ್ ಚಾರ್ಜು, ಒಂದು ದಿನದ ಕೂಲಿ, ಸವೆದ ಬೆರಳಚ್ಚನ್ನು ಒಪ್ಪದ ಯಂತ್ರ ಇವೆಲ್ಲ ಬಂದವು. ಆಗ ಅಂಚೆಯಣ್ಣನನ್ನಾದರೂ ಕೇಳಬಹುದಿತ್ತು. ಈಗ ಯಾರನ್ನು ಕೇಳಬೇಕೆಂಬುದೇ ಅಜ್ಜಿಗೆ ತಿಳಿಯದು.

2023ರ ಆಗಸ್ಟ್‌ನಲ್ಲಿ ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿಯ 2000 ರೂಪಾಯಿ ಮನೆಯ ಯಜಮಾನಿಯ ಹೆಸರಿಗೆ ಬರುತ್ತದೆ. ಮೊತ್ತದ ಬಗ್ಗೆ, ಬೊಕ್ಕಸದ ಬಗ್ಗೆ ಆಗಿರುವಷ್ಟು ಚರ್ಚೆ ತಾರೀಖಿನ ಬಗ್ಗೆ ಆಗಿಲ್ಲ. ಕೆಲವು ಕಂತುಗಳು ತಿಂಗಳುಗಟ್ಟಲೆ ತಡವಾಗಿ, ಆಮೇಲೆ ಒಟ್ಟಿಗೆ ಬಂದದ್ದುಂಟು. ವರ್ಷದ ಕೊನೆಗೆ ಸರ್ಕಾರದ ಲೆಕ್ಕ ಸರಿಹೋಗುತ್ತದೆ. ಆದರೆ ಹಣ ಬಾರದ ತಿಂಗಳಲ್ಲಿ ಆಕೆ ಮಗಳ ಪುಸ್ತಕಕ್ಕೆ, ಅತ್ತೆಯ ಮಾತ್ರೆಗೆ ಮತ್ತೆ ಬಡ್ಡಿಯವನ ಬಾಗಿಲಿಗೇ ಹೋಗಬೇಕು. ಅಲ್ಲಿ ಬಡ್ಡಿ ಲೆಕ್ಕ ಹಾಕುವುದು ವಾರಕ್ಕೊಮ್ಮೆ.