ಗಾಜಿನ ಪಕ್ಕದ ಕಂಬ



ಕಾರಿನ ಬಗ್ಗೆ ಮಾತು ಬಂದರೆ ಎಲ್ಲರೂ ಎಂಜಿನ್ನು, ಮೈಲೇಜು ಅಂತ ಶುರು ಮಾಡುತ್ತಾರೆ. ನನಗೆ ಬಹಳ ವರ್ಷಗಳಿಂದ ಹಿಡಿದಿರುವ ಹುಚ್ಚೇ ಬೇರೆ. ಕಾರಿನ ಮುಂದಿನ ಗಾಜಿನ ಎಡಕ್ಕೊಂದು ಬಲಕ್ಕೊಂದು ಕಂಬ ಇರುತ್ತದಲ್ಲ, ಬಾನೆಟ್ಟಿನ ಹತ್ತಿರದಿಂದ ಓರೆಯಾಗಿ ಮೇಲೇರಿ ಛಾವಣಿಗೆ ಸೇರುವಂಥದ್ದು, ನಾನು ಹೇಳಹೊರಟಿರುವುದು ಅದರ ಕಥೆ. ಕಾರು ಕಟ್ಟುವವರು ಅದನ್ನು ಎ ಪಿಲ್ಲರ್ ಎನ್ನುತ್ತಾರೆ. ಒಂದು ಕಾಲಕ್ಕೆ ತೆಳ್ಳಗಿದ್ದ ಈ ಕಂಬ ದಪ್ಪವಾಗುತ್ತಾ ಬಂದು, ಇವತ್ತು ಎದುರಿಗೆ ಬರುವ ಒಬ್ಬ ಮನುಷ್ಯನನ್ನು ಪೂರ್ತಿ ನುಂಗುವಷ್ಟಾಗಿದೆ. ಅದು ಹೇಗಾಯಿತು, ಯಾಕಾಯಿತು ಅನ್ನುವುದನ್ನು ಹೇಳುತ್ತೇನೆ.

ಅದಕ್ಕೆ ಮುಂಚೆ, ರೇಡಿಯೋ ಪಕ್ಕದಲ್ಲಿ ಕೂತಿರುವವರು ಒಂದು ಪೆನ್ನು ತೆಗೆದುಕೊಳ್ಳಿ. ಕೈ ಚಾಚಿ ಅದನ್ನು ಮುಖದ ಎದುರಿಗೆ ನೆಟ್ಟಗೆ ಹಿಡಿದು, ಅದರಾಚೆಯ ಗೋಡೆಯ ಕ್ಯಾಲೆಂಡರ್ ನೋಡಿ. ಎಲ್ಲ ತಾರೀಖುಗಳೂ ಕಾಣುತ್ತವೆ. ಪೆನ್ನು ಒಂದು ಕಣ್ಣಿಗೆ ಮುಚ್ಚಿದ್ದನ್ನು ಇನ್ನೊಂದು ಕಣ್ಣು ನೋಡಿಬಿಡುತ್ತದೆ. ಈಗ ಪೆನ್ನಿನ ಬದಲು ಅಂಗೈ ಹಿಡಿಯಿರಿ, ಬೆರಳು ಕೂಡಿಸಿ. ಒಂದಷ್ಟು ತಾರೀಖುಗಳು ಮಾಯ. ಎರಡು ಕಣ್ಣೂ ತೆರೆದಿವೆ, ಆದರೂ ಇಲ್ಲ.

ಗುಟ್ಟು ಇಷ್ಟೇ. ನಮ್ಮ ಎರಡು ಕಣ್ಣುಪಾಪೆಗಳ ನಡುವೆ ಇರುವ ಅಂತರ ಸುಮಾರು 6.5 ಸೆಂಟಿಮೀಟರ್. ಅಡ್ಡ ಬಂದ ವಸ್ತು ಅದಕ್ಕಿಂತ ಕಿರಿದಾಗಿದ್ದರೆ, ಸ್ವಲ್ಪ ದೂರದಾಚೆಗೆ ಅದು ಯಾವುದನ್ನೂ ಬಚ್ಚಿಡಲಾರದು. ಅದಕ್ಕಿಂತ ಅಗಲವಾಯಿತೋ, ದೂರ ಹೋದಷ್ಟೂ ಬಚ್ಚಿಡುವ ಜಾಗ ಹಿಗ್ಗುತ್ತಾ ಹೋಗುತ್ತದೆ. ಕಂಬ 10 ಸೆಂಟಿಮೀಟರ್ ಅಗಲ, ಕಣ್ಣಿನಿಂದ 75 ಸೆಂಟಿಮೀಟರ್ ದೂರ ಅಂದುಕೊಳ್ಳಿ. 10 ಮೀಟರ್ ಆಚೆ ಅರ್ಧ ಮೀಟರ್ ಜಾಗ ಎರಡೂ ಕಣ್ಣಿಗೆ ಕಾಣುವುದಿಲ್ಲ. 20 ಮೀಟರ್ ಆಚೆ ಅದು ಒಂದು ಮೀಟರ್. ಎದುರಿನಿಂದ ಬರುವ ಬೈಕು, ಸವಾರನ ಸಮೇತ, ಅಷ್ಟರೊಳಗೆ ಹಿಡಿಸುತ್ತದೆ. ಈ ಕಂಬದ ಚರಿತ್ರೆ ಎಂದರೆ ನನ್ನ ಮಟ್ಟಿಗೆ ಅದು ಆ 6.5 ಸೆಂಟಿಮೀಟರ್ ಗಡಿಯನ್ನು ದಾಟಿಹೋದ ಚರಿತ್ರೆ.

ಆರಂಭದ ವರ್ಷಗಳನ್ನು ಬೇಗ ದಾಟಿಬಿಡೋಣ. ಮೊದಮೊದಲ ಕಾರುಗಳಿಗೆ ಛಾವಣಿಯೇ ಇರಲಿಲ್ಲ, ಎಷ್ಟೋ ಕಾರುಗಳಿಗೆ ಮುಂದಿನ ಗಾಜೂ ಇರಲಿಲ್ಲ. ಚಾಲಕರು ಧೂಳಿಗೆ ಕನ್ನಡಕ ಹಾಕಿಕೊಂಡು ಓಡಿಸುತ್ತಿದ್ದರು. ಆಮೇಲೆ ಮಡಚುವ ಗಾಜು ಬಂತು. 1920ರ ದಶಕದಲ್ಲಿ ಮುಚ್ಚಿದ ಕಾರು ಅಮೆರಿಕದಲ್ಲಿ ಮನೆಮಾತಾಯಿತು, ಆಗ ಗಾಜಿನ ಪಕ್ಕಕ್ಕೆ ಮರದ ಕಂಬ, ಬರುಬರುತ್ತಾ ಉಕ್ಕಿನ ಕಂಬ. 1953ರಲ್ಲಿ ಜನರಲ್ ಮೋಟಾರ್ಸ್‌ನವರು ಕ್ಯಾಡಿಲಾಕ್ ಎಲ್‌ಡೊರಾಡೊ ಕಾರಿಗೆ ಪಕ್ಕಕ್ಕೂ ಸುತ್ತಿಕೊಳ್ಳುವ ಬಾಗಿದ ಗಾಜು ಹಾಕಿದರು. ಕಂಬ ಹಿಂದಕ್ಕೆ ಸರಿದು ಮೊಣಕಾಲಿನಂತೆ ಬಾಗಿತು. ಹತ್ತುವಾಗ ಮೊಣಕಾಲಿಗೆ ಬಡಿಯುತ್ತಿತ್ತು ನಿಜ, ಆದರೆ ಮುಂದಿನ ನೋಟ ಎಷ್ಟು ವಿಶಾಲ!

ಈಗ ನನಗೆ ಬಹಳ ಪ್ರೀತಿಯ ಮನುಷ್ಯನೊಬ್ಬನ ಹತ್ತಿರ ಬರುತ್ತೇನೆ. ಬೇಲಾ ಬಾರೇನಿ. ಹುಟ್ಟಿದ್ದು 1907ರಲ್ಲಿ, ವಿಯೆನ್ನಾ ಹತ್ತಿರದ ಹಿರ್ಟೆನ್‌ಬರ್ಗ್‌ನಲ್ಲಿ. ಅನುಕೂಲಸ್ಥ ಮನೆತನ, ಮನೆಯಲ್ಲೇ ಕಾರು ನೋಡಿ ಬೆಳೆದ ಹುಡುಗ. ಮೊದಲನೇ ಮಹಾಯುದ್ಧದಲ್ಲಿ ತಂದೆ ತೀರಿಕೊಂಡರು. ಎಂಜಿನಿಯರಿಂಗ್ ಓದಿ, ಮರ್ಸಿಡಿಸ್ ಕಾರು ಮಾಡುವ ಡೈಮ್ಲರ್-ಬೆಂಜ್ ಕಂಪನಿಯ ಬಾಗಿಲು ತಟ್ಟಿದರೆ ಮೊದಲ ಸಲ ಕೆಲಸ ಸಿಗಲಿಲ್ಲ. ಮತ್ತೆ ಹೋದಾಗ ಎದುರಿಗೆ ಕೂತಿದ್ದವನು ಅಲ್ಲಿನ ಹಿರಿಯ ಅಧಿಕಾರಿ ವಿಲ್‌ಹೆಲ್ಮ್ ಹಾಸ್ಪೆಲ್. ಕೆಲಸ ಕೇಳಲು ಬಂದ ಬಾರೇನಿ ಆ ಕಂಪನಿಯದೇ ಕಾರುಗಳಲ್ಲಿ ಏನೇನು ಸರಿಯಿಲ್ಲ ಎಂದು ಒಂದೊಂದಾಗಿ ಹೇಳುತ್ತಾ ಹೋದ. ಆ್ಯಕ್ಸಲ್ ಸರಿಯಿಲ್ಲ, ಸ್ಟೇರಿಂಗ್ ಸರಿಯಿಲ್ಲ. ಬೇರೆಯವರಾಗಿದ್ದರೆ ಎಬ್ಬಿಸಿ ಕಳಿಸುತ್ತಿದ್ದರು. ಹಾಸ್ಪೆಲ್ ಕೆಲಸ ಕೊಟ್ಟ. 1939ರಲ್ಲಿ ಸಿಂಡೆಲ್‌ಫಿಂಗೆನ್ ಕಾರ್ಖಾನೆ ಸೇರಿದ ಬಾರೇನಿಯ ಹೆಸರಿನಲ್ಲಿ ಬದುಕಿನ ಕೊನೆಯ ಹೊತ್ತಿಗೆ 2,500ಕ್ಕೂ ಹೆಚ್ಚು ಪೇಟೆಂಟ್‌ಗಳಿದ್ದವು.

ಕಾರು ಗಟ್ಟಿಯಾಗಿದ್ದಷ್ಟೂ ಕ್ಷೇಮ ಎಂದು ಆ ಕಾಲಕ್ಕೆ ಎಲ್ಲರೂ ನಂಬಿದ್ದರು. ಬಾರೇನಿ ಒಪ್ಪಲಿಲ್ಲ. ಕಾರಿನ ಮೂತಿ ಮತ್ತು ಬಾಲ ಗುದ್ದಿದಾಗ ನಜ್ಜುಗುಜ್ಜಾಗಬೇಕು, ಪೆಟ್ಟನ್ನು ತಾವೇ ಕುಡಿಯಬೇಕು. ಜನ ಕೂರುವ ನಡುವಿನ ಕೋಣೆ ಮಾತ್ರ ಅಲುಗಬಾರದು. 1951ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ. 1959ರಲ್ಲಿ ಈ ಲೆಕ್ಕದ ಮೇಲೆ ಕಟ್ಟಿದ ಮರ್ಸಿಡಿಸ್ ಡಬ್ಲ್ಯು 111 ರಸ್ತೆಗೆ ಬಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕಾರ್ಖಾನೆ ಪಕ್ಕದ ಖಾಲಿ ಜಾಗದಲ್ಲಿ ಅವರು ಕಾರು ಗುದ್ದಿಸಿ ನೋಡಲು ಶುರು ಮಾಡಿದರು. ಕಾರನ್ನು ಎಳೆದು ಬಿಡಲು ಗ್ಲೈಡರ್ ಹಾರಿಸುವ ರಾಟೆ ಯಂತ್ರ ತಂದರು, ಸಾಲದಾದಾಗ ಕುದಿನೀರಿನ ಆವಿಯಿಂದ ನುಗ್ಗುವ ರಾಕೆಟ್ ಕಟ್ಟಿದರು! ತಿರುಚಿದ ಇಳಿಜಾರು ಹಲಗೆಯ ಮೇಲೆ ಓಡಿಸಿ ಕಾರನ್ನು ಮಗುಚಿ ಹಾಕುತ್ತಿದ್ದರು, ಛಾವಣಿ ತಾಳುತ್ತದೋ ಇಲ್ಲವೋ ನೋಡಲು.

ನಾನು ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ಆ ಡಬ್ಲ್ಯು 111 ಕಾರಿನ ಒಂದು ಚಿತ್ರವನ್ನಾದರೂ ಹುಡುಕಿ ನೋಡಿ. ಸುತ್ತಲೂ ಗಾಜು. ಮುಂದಿನ ಕಂಬ ತೆಳ್ಳಗೆ. 1963ರಲ್ಲಿ ಬಂದ 230 ಎಸ್‌ಎಲ್ ಅಂತೂ ಇನ್ನೂ ಚೆಂದ. ಅದರ ಗಟ್ಟಿ ಛಾವಣಿ ನಡುವೆ ತಗ್ಗು, ಅಂಚಿನಲ್ಲಿ ಎತ್ತರ. ಅದಕ್ಕೇ ಜನ ಆ ಕಾರಿಗೆ ಪಗೋಡ ಎಂದು ಹೆಸರಿಟ್ಟರು. ಆ ಆಕಾರದ ಹಿಂದಿನ ಯೋಚನೆ ಬಾರೇನಿಯದೇ. ಜಿಂಕ್ ಶೀಟಿಗೆ ಮಡಿಕೆ ಬಿದ್ದರೆ ಬಲ ಬರುತ್ತದಲ್ಲ, ಹಾಗೆ ತಗಡು ಬಾಗಿದ್ದರಿಂದ ಛಾವಣಿಗೆ ಬಲ ಬಂತು. ಅಂಚು ಎತ್ತರವಾದ್ದರಿಂದ ಪಕ್ಕದ ಗಾಜು ಎತ್ತರವಾಯಿತು, ಕಂಬ ಸಪೂರವಾಗಿಯೇ ಉಳಿಯಿತು. ಒಳಗಿನವರ ಜೀವ ಉಳಿಸುವ ಕಾರು ಹೊರಗಿನವರನ್ನು ಕಾಣುವಂತೆಯೂ ಇರಬೇಕು ಎಂಬುದು ಆಗ ಒಂದೇ ಮನಸ್ಸಿನಲ್ಲಿ, ಒಂದೇ ನಕ್ಷೆಯಲ್ಲಿ ಇತ್ತು.

ಆಮೇಲೆ ಕಂಬ ಊದಿಕೊಂಡಿತು. ಅಮೆರಿಕದಲ್ಲಿ 1973ರಿಂದ ಛಾವಣಿಯ ಬಲಕ್ಕೆ ಕಾನೂನು ಬಂತು, ಕಾರಿನ ತೂಕದ ಒಂದೂವರೆ ಪಟ್ಟು ಒತ್ತಡ ತಾಳಬೇಕೆಂದು. ಅದೇ ವರ್ಷ ತೈಲದ ಬಿಕ್ಕಟ್ಟು. ಗಾಳಿ ಸೀಳಿಕೊಂಡು ಹೋದರೆ ಪೆಟ್ರೋಲ್ ಉಳಿಯುತ್ತದೆಂದು ಮುಂದಿನ ಗಾಜು ಮಲಗುತ್ತಾ ಹೋಯಿತು. ಗಾಜು ಮಲಗಿದರೆ ಕಂಬವೂ ಮಲಗಬೇಕು. ಮಲಗಿದ ಕಂಬ ಉದ್ದವಾಗುತ್ತದೆ, ಅಷ್ಟೇ ಭಾರ ಹೊರಲು ಹೆಚ್ಚು ದಪ್ಪ ಬೇಕಾಗುತ್ತದೆ, ಮೇಲಾಗಿ ಓರೆಯಾಗಿ ಕಣ್ಣಿಗೆ ಇನ್ನೂ ಅಗಲವಾಗಿ ಅಡ್ಡ ಬರುತ್ತದೆ. ತಲೆ ಬಡಿದರೆ ಏಟಾಗದಿರಲಿ ಎಂದು ಒಳಗಡೆ ಮೆತ್ತೆ ಬಂತು. 1998ರಲ್ಲಿ ವೋಲ್ವೊ ಎಸ್80 ಕಾರಿನಲ್ಲಿ ಪಕ್ಕದ ಗಾಜಿಗೆ ಪರದೆಯಂತೆ ಇಳಿಯುವ ಏರ್‌ಬ್ಯಾಗ್ ಬಂತು. 2009ರಲ್ಲಿ ಛಾವಣಿಯ ಕಾನೂನು ಮೂರು ಪಟ್ಟಿಗೆ ಏರಿತು. ಅಲ್ಲಿನ ವಿಮಾ ಕಂಪನಿಗಳು ನಡೆಸುವ ಐಐಎಚ್‌ಎಸ್ ಎಂಬ ಸಂಸ್ಥೆ ಇನ್ನೂ ಮುಂದೆ ಹೋಗಿ ನಾಲ್ಕು ಪಟ್ಟು ತಾಳಿದರೆ ಮಾತ್ರ ಉತ್ತಮ ಎಂದಿತು. ಎಂದರೆ 1,500 ಕೆ.ಜಿ. ಕಾರಿನ ಛಾವಣಿ 6,000 ಕೆ.ಜಿ. ಹೊರಬೇಕು. 2012ರಲ್ಲಿ ಅದೇ ಸಂಸ್ಥೆ ಕಾರಿನ ಮೂತಿಯ ಬರೀ ಕಾಲು ಭಾಗವನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸುವ ಪರೀಕ್ಷೆ ತಂದಿತು. ಆ ಏಟು ನೇರವಾಗಿ ಚಕ್ರದ ಮೂಲಕ ಈ ಕಂಬದ ಬುಡಕ್ಕೇ.

ಇದೆಲ್ಲ ತಪ್ಪು ಎಂದು ನಾನು ಹೇಳುವುದಿಲ್ಲ. ನಮ್ಮ ಪ್ರೀಮಿಯರ್ ಪದ್ಮಿನಿ, ಮಾರುತಿ 800 ನೆನೆಸಿಕೊಳ್ಳಿ. ಅವುಗಳ ಸ್ಟೇರಿಂಗ್ ಹಿಂದೆ ಕೂತರೆ ರಸ್ತೆ ಪೂರಾ ನಮ್ಮದು. ಆದರೆ ಮಗುಚಿದರೆ ಆ ಸಪೂರ ಕಂಬ ಯಾರನ್ನು ಕಾಪಾಡೀತು? 2014ರ ಜನವರಿಯಲ್ಲಿ, ಕಾರುಗಳ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್‌ನವರು ಭಾರತದ ಐದು ಸಣ್ಣ ಕಾರುಗಳನ್ನು ಗುದ್ದಿಸಿ ನೋಡಿದಾಗ ಐದಕ್ಕೂ ಸಿಕ್ಕಿದ್ದು ಸೊನ್ನೆ ಸ್ಟಾರ್. ಆ ಸೊನ್ನೆ ನಮ್ಮನ್ನು ಎಚ್ಚರಿಸಿತು, 2023ರ ಅಕ್ಟೋಬರ್‌ನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಬಂತು. ಕಾರು ಗಟ್ಟಿಯಾಗಿದ್ದರಿಂದ ಉಳಿದ ಜೀವಗಳ ಬಗ್ಗೆ ನನಗೆ ನಿಜಕ್ಕೂ ಸಂತೋಷವಿದೆ. ನನ್ನ ಸಂಕಟ ಬೇರೆ. ಸ್ಟಾರ್ ಕೊಡುವಾಗ ಗುದ್ದಿದ ಮೇಲೆ ಏನಾಗುತ್ತದೆ ಎಂದು ಅಳೆಯುತ್ತಾರೆ. ಕಂಬದ ಮರೆಯಲ್ಲಿ ಸಿಕ್ಕಿಬಿದ್ದ ಸೈಕಲ್ಲಿನವನಿಗೆ ಯಾವ ಸ್ಟಾರೂ ಇಲ್ಲ.

ಆ ಮರೆ ಎಷ್ಟು ಮೋಸದ್ದು ನೋಡಿ. ಎದುರಿಗೊಂದು ನಾಲ್ಕು ದಾರಿ ಕೂಡುವ ಜಾಗ ಇದೆ. ನೀವು ಗಂಟೆಗೆ 40 ಕಿ.ಮೀ.ನಲ್ಲಿ ಹೋಗುತ್ತಿದ್ದೀರಿ. ಬಲಗಡೆಯ ಅಡ್ಡರಸ್ತೆಯಲ್ಲಿ ಸೈಕಲ್ ಸವಾರ 20 ಕಿ.ಮೀ.ನಲ್ಲಿ ಬರುತ್ತಿದ್ದಾನೆ. ಇಬ್ಬರೂ ಒಂದೇ ಗಳಿಗೆಗೆ ಕೂಡುರಸ್ತೆ ತಲಪುವವರು. ಹಾಗಿದ್ದಾಗ ಅವನು ಮೊದಲಿಂದ ಕೊನೆಯವರೆಗೂ ನಿಮ್ಮ ನೇರ ನೋಟದಿಂದ ಬಲಕ್ಕೆ ಸುಮಾರು 27 ಡಿಗ್ರಿ ಕೋನದಲ್ಲೇ ಇರುತ್ತಾನೆ, ಹಿಂದೂ ಇಲ್ಲ ಮುಂದೂ ಇಲ್ಲ. ನಮ್ಮ ಕಾರುಗಳಲ್ಲಿ ಚಾಲಕನ ಬಲಗಡೆಯ ಕಂಬ ಇರುವುದೂ ಹೆಚ್ಚುಕಡಿಮೆ ಅದೇ ದಿಕ್ಕಿನಲ್ಲಿ. ನೀವು ಸಾಗಿದಂತೆ ಅವನೂ ಸಾಗುತ್ತಾನೆ, ಕಂಬದ ಮರೆಯೂ ಅವನ ಜೊತೆಗೇ ಸಾಗುತ್ತದೆ. ಹಡಗಿನವರಿಗೆ ಇದು ಚೆನ್ನಾಗಿ ಗೊತ್ತು. ಕೋನ ಬದಲಾಗದೆ ಹತ್ತಿರ ಬರುವ ಹಡಗು ನಿಮಗೆ ಡಿಕ್ಕಿ ಹೊಡೆಯುವ ಹಡಗು. ಇಂಗ್ಲೆಂಡಿನ ನ್ಯೂ ಫಾರೆಸ್ಟ್‌ನಲ್ಲಿ ಇಪ್ಲಿ ಕ್ರಾಸ್ ಎಂಬ ಜಾಗವಿದೆ. ಮರವಿಲ್ಲ, ಮನೆಯಿಲ್ಲ, ಬಟಾಬಯಲು, ನೇರ ರಸ್ತೆಗಳು. ಅಂಥ ಕಡೆ ಎರಡು ಸಲ ಕಾರು ಡಿಕ್ಕಿಯಾಗಿ ಸೈಕಲ್ ಸವಾರರು ಸತ್ತರು. ಬಯಲಿನಲ್ಲಿ ಹೀಗೇಕೆ ಎಂದು ಲೆಕ್ಕ ಹಾಕಿದವರು ಬೆರಳು ತೋರಿಸಿದ್ದು ಇದೇ ಕೋನಕ್ಕೆ, ಇದೇ ಕಂಬಕ್ಕೆ.

ನಮ್ಮ ಘಾಟಿಗಳಲ್ಲೂ ಇದೇ ಪಾಡು. ಆಗುಂಬೆಯ 14 ತಿರುವುಗಳಲ್ಲಿ ಬಲಕ್ಕೆ ಹೊರಳುವ ಕಡೆಯೆಲ್ಲ, ನೀವು ಹೋಗಬೇಕಾದ ರಸ್ತೆಯ ಮೇಲೇ ಕಂಬ ಕೂತಿರುತ್ತದೆ.

ಯುರೋಪಿನಲ್ಲಿ ಇದಕ್ಕೊಂದು ಮಿತಿ ಇದೆ. ಎರಡೂ ಕಣ್ಣಿಗೆ ಅಡ್ಡವಾಗುವ ಕೋನ 6 ಡಿಗ್ರಿ ಮೀರಬಾರದು ಎಂದು 1977ರಲ್ಲೇ ನಿಯಮ ಮಾಡಿದರು. ಕೇಳಲು ಚಿಕ್ಕದು. 20 ಮೀಟರ್ ಆಚೆ ಆ 6 ಡಿಗ್ರಿ ಎಂದರೆ ಎರಡು ಮೀಟರ್, ಅಡ್ಡ ಹೋಗುವ ಬೈಕಿನ ಪೂರ್ತಿ ಉದ್ದ. ನಿಯಮ ಪಾಲಿಸಿದ ಕಾರೂ ಅಷ್ಟನ್ನು ಮುಚ್ಚಬಹುದು. ಐಐಎಚ್‌ಎಸ್‌ನವರು 2025ರಲ್ಲಿ ಕೆಲವು ಕಾರುಗಳ ಹಳೆಯ, ಹೊಸ ಮಾದರಿಗಳನ್ನು ಇಟ್ಟು ಅಳೆದರು. 1997ರ ಹೋಂಡಾ ಸಿಆರ್-ವಿ ಚಾಲಕನಿಗೆ ಮುಂದಿನ 10 ಮೀಟರ್ ಜಾಗದಲ್ಲಿ ಶೇ. 68 ಭಾಗ ಕಾಣುತ್ತಿತ್ತು. 2022ರ ಮಾದರಿಯಲ್ಲಿ ಶೇ. 28. ಕಂಬ, ಕನ್ನಡಿ, ಎತ್ತರದ ಬಾನೆಟ್ಟು ಎಲ್ಲ ಸೇರಿ ಮಾಡಿದ ಕೆಲಸ ಇದು.

ದಾರಿ ಇಲ್ಲವೆಂದಲ್ಲ, ಅದೇ ನನ್ನ ಹೊಟ್ಟೆಯುರಿ. 2001ರಲ್ಲಿ ವೋಲ್ವೊದವರು ಡೆಟ್ರಾಯಿಟ್‌ನಲ್ಲಿ ಒಂದು ಮಾದರಿ ಕಾರು ತೋರಿಸಿದರು. ಕಂಬದಲ್ಲಿ ಉಕ್ಕಿನ ಜಾಲರಿ, ನಡುವೆ ಪಾರದರ್ಶಕ ಪ್ಲೆಕ್ಸಿಗ್ಲಾಸ್, ಕಂಬದ ಮೂಲಕವೇ ಆಚೆ ನೋಡಬಹುದು. ಅದು ಪ್ರದರ್ಶನದಲ್ಲೇ ಉಳಿಯಿತು. 2016ರ ಅಕ್ಯುರಾ ಎನ್‌ಎಸ್‌ಎಕ್ಸ್ ಕಾರಿಗೆ ಹೋಂಡಾದವರು ಕಾಯಿಸಿ, ಬಾಗಿಸಿ, ತಟ್ಟನೆ ತಣಿಸಿದ ಬಲು ಗಟ್ಟಿ ಉಕ್ಕಿನಲ್ಲಿ ತೆಳುವಾದ ಕಂಬ ಮಾಡಿದರು. ಆದರೆ ಅದು ಕೋಟಿ ಬೆಲೆಯ ಕಾರು. 2019ರಲ್ಲಿ ಪೆನ್ಸಿಲ್ವೇನಿಯಾದ 14 ವರ್ಷದ ಹುಡುಗಿಯೊಬ್ಬಳು, ತನ್ನ ತಾಯಿಗೆ ಮನೆಯ ಜೀಪಿನ ದಪ್ಪ ಕಂಬದ ಕಾಟ ತಪ್ಪಿಸಲು, ಹೊರಗೆ ವೆಬ್‌ಕ್ಯಾಮ್ ಇಟ್ಟು ಒಳಗೆ ಪ್ರೊಜೆಕ್ಟರಿನಿಂದ ಆ ದೃಶ್ಯವನ್ನು ಕಂಬದ ಮೇಲೇ ಬೀಳಿಸಿದಳು. ಅದಕ್ಕೆ ಆಕೆಗೆ 25,000 ಡಾಲರ್ ಬಹುಮಾನ ಬಂತು. ಶಾಲೆಯ ಹುಡುಗಿಗೆ ಹೊಳೆದದ್ದು ಕಾರ್ಖಾನೆಗಳಿಗೆ ಹೊಳೆಯದೇ ಇರುತ್ತದೆಯೇ? ಕಾಣುವಿಕೆಗೂ ಒಂದು ಸ್ಟಾರ್ ಇಡಲಿ, ಕಂಬ ಎಷ್ಟು ಬೇಗ ಸಣ್ಣಗಾಗುತ್ತದೋ ನೋಡೋಣ.

ಅಲ್ಲಿಯವರೆಗೆ ನಮ್ಮ ಕುತ್ತಿಗೆಯನ್ನೇ ನಂಬಬೇಕು. ಕೂಡುರಸ್ತೆ, ಸರ್ಕಲ್, ಘಾಟಿಯ ತಿರುವು ಬಂದಾಗ ತಲೆಯನ್ನು ಪಕ್ಕಕ್ಕೆ ಒಂದು ಗೇಣಿನ ಅರ್ಧದಷ್ಟು ಸರಿಸಿ ನೋಡಿ. ಅಷ್ಟಕ್ಕೇ 10 ಮೀಟರ್ ಆಚೆಯ ಮರೆ ಒಂದು ಮೀಟರಿಗೂ ಹೆಚ್ಚು ಸರಿದುಹೋಗುತ್ತದೆ. ಹೊಸ ಕಾರು ಕೊಳ್ಳುವವರು ಶೋರೂಮಿನಲ್ಲಿ ಸೀಟನ್ನು ನಿಮ್ಮ ಎತ್ತರಕ್ಕೆ ಹೊಂದಿಸಿಕೊಂಡು ಕೂತು, ಮನೆಯವರೊಬ್ಬರಿಗೆ ಹತ್ತು ಹೆಜ್ಜೆ ಮುಂದೆ ನಿಂತು, ಎಡದಿಂದ ಬಲಕ್ಕೆ ನಿಧಾನ ನಡೆಯಲು ಹೇಳಿ. ಎಲ್ಲಿ ಅವರು ಮರೆಯಾಗುತ್ತಾರೆ, ಎಷ್ಟು ಹೆಜ್ಜೆ ಕಾಣುವುದಿಲ್ಲ, ಎಣಿಸಿಕೊಳ್ಳಿ. ಆಮೇಲೆ ಪಕ್ಕದ ಶೋರೂಮಿಗೂ ಹೋಗಿ ಹಾಗೇ ಎಣಿಸಿ. ಯಾಕೆ ಎಣಿಸುತ್ತಿದ್ದೀರಿ ಎಂದು ಮಾರುವವರು ಕೇಳಿಯೇ ಕೇಳುತ್ತಾರೆ. ಸಂಕೋಚಪಡದೆ ಕಾರಣ ಹೇಳಿ.